ಸಿಮ್ರೌಲಿಯ ಮಸಿ

"ಗೊತ್ತಿರೋರ ಮುಖ ಮಾತ್ರ ಬರೀಬೇಡ," ಎಂದ ಇಶ್ತಿಯಾಕ್ ಉಸ್ತಾದ್, ಮಸಿಯ ಕುಡಿಕೆ ಮುಂದೆ ತಳ್ಳುತ್ತ. "ಇದು ಸುಡುಗಾಡಿನ ಮಸಿ. ಮಂತ್ರ ಹಾಕಿ ಕೊಟ್ಟೋನು ಸತ್ತ, ಮಂತ್ರ ಸತ್ತಿಲ್ಲ. ರಾಕ್ಷಸನ ಮುಖ ಬರಿ, ಲಾರಿಗೆ ಬೀಳೋ ಕೆಟ್ಟ ದೃಷ್ಟಿನೆಲ್ಲ ಅದು ನುಂಗತ್ತೆ. ಮನುಷ್ಯರ ಮುಖ ಬರೆದ್ಯೋ, ಆ ಮನುಷ್ಯರೇ ನುಂಗಬೇಕು."

ಛೇದಿಲಾಲ್ ಹಲ್ಲು ಕಿರಿದ. ಕಾನ್‌ಪುರದಲ್ಲಿ ಸಿನಿಮಾ ಪೋಸ್ಟರ್ ಬರೆದವನಿಗೆ ಹೆದ್ದಾರಿ ಬದಿಯ ಈ ಸಿಮ್ರೌಲಿಯಲ್ಲಿ ಲಾರಿಗೆ ಬಣ್ಣ ಬಳಿಯುವವನು ಬುದ್ಧಿ ಹೇಳುವುದೇ!

"ಮಸಿಗೂ ಹಸಿವಾ ಉಸ್ತಾದ್? ಎರಡು ರೊಟ್ಟಿ ಹಾಕಿ, ಸುಮ್ಮನಾಗತ್ತೆ."

ಕುಡಿಕೆಯಿಂದ ಸಾಸಿವೆ ಎಣ್ಣೆಯ ಘಾಟು, ಅದರಡಿಯಿಂದ ಸುಟ್ಟ ಕೂದಲಿನ ನಾತ ಬಂತು. ಅವನು ಬ್ರಷ್ ಅದ್ದಿದ.

ಆ ಬೆಳಗ್ಗೆಯಷ್ಟೇ ಚಹಾ ಅಂಗಡಿಯ ರಾಮ್‌ಕಲಿ ಚಾಚಿ, ಒಲೆಯ ಹತ್ತಿರ ಪಾನ್ ಉಗುಳಿದ್ದಕ್ಕೆ ಅವನ ಜನ್ಮ ಜಾಲಾಡಿದ್ದಳು. ಇರಲಿ, ನೋಡ್ಕೋತೀನಿ ಎಂದುಕೊಂಡಿದ್ದ. ಲಾರಿಯ ಹಿಂಭಾಗದಲ್ಲಿ ಅವಳದೇ ಚಪ್ಪಟೆ ಮೂಗು, ಹಣೆಯ ಗಂಟು ಮೂಡಿದವು. ಮೇಲೆರಡು ಕೊಂಬು, ಕೆಳಗೆ ಚಾಚಿದ ನಾಲಗೆ. ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಚಾಚಿಯೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಅಯ್ಯೋ ಮುಂಡೇದೆ, ಇರೋ ಮೂಗನ್ನೂ ಚಪ್ಪಟೆ ಮಾಡಿದ್ಯಲ್ಲೋ! ಬಾ, ಚಹಾ ಕುಡಿ."

ಲಾರಿ ನಾಗಪುರದ ಕಡೆ ಹೊರಟಿತು. ಉಸ್ತಾದ್ ಕುಡಿಕೆಯ ಬಾಯಿ ಕಟ್ಟಿ ಒಳಗಿಟ್ಟ.

ಮೂರನೇ ದಿನ ಚಾಚಿಯ ಕೆನ್ನೆಯಲ್ಲಿ ಕಪ್ಪು ಚುಕ್ಕೆ. ಹತ್ತನೇ ದಿನಕ್ಕೆ ಅರ್ಧ ಮುಖ ಕಪ್ಪು. ಕೆಮ್ಮಿದರೆ ಮಸಿ ಬೀಳುತ್ತಿತ್ತು. ಒಲೆ ಆರಿದ್ದರೂ ಅಂಗಡಿಯಲ್ಲಿ ಸುಟ್ಟ ಕೂದಲಿನ ನಾತ.

"ಯಾರೋ ನನ್ನೇ ದಿಟ್ಟಿಸ್ತಿದಾರೆ ಕಣೋ ಛೇದಿ," ಎಂದಳು. "ಕಣ್ಣು ಮುಚ್ಚಿದ್ರೂ ನೋಡ್ತಾರೆ. ನೀನು ಇಲ್ಲೇ ಕೂತಿರು ಮಗಾ."

ಅವನು ಕೂತ. ನಾನೇ ಮಾಡಿದ್ದು ಚಾಚಿ ಎನ್ನಲು ಬಾಯಿ ಬರಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ತನ್ನ ಕಂಬಳಿಯನ್ನೇ ಅವನ ಹೆಗಲಿಗೆ ಹೊದಿಸಿದಳು.

ಹದಿಮೂರನೇ ದಿನ ಮಧ್ಯಾಹ್ನ ಲಾರಿ ವಾಪಸು ಬಂತು. ಛೇದಿಲಾಲ್ ಟರ್ಪೆಂಟೈನ್ ಹಿಡಿದು ಓಡಿದ. ಉಸ್ತಾದ್ ರಟ್ಟೆ ಹಿಡಿದ.

"ಅಳಿಸಿದ್ರೆ ಅವಳೂ ಅಳಿಸಿಹೋಗ್ತಾಳೆ. ಅದರ ಮೇಲೆ ಇನ್ನೊಂದು ಮುಖ ಬರಿ. ರಾಕ್ಷಸ ಇನ್ನು ಸಾಲಲ್ಲ, ಅದಕ್ಕೆ ಮನುಷ್ಯರ ರುಚಿ ಹತ್ತಿದೆ."

"ಯಾರದು ಬರೀಲಿ?"

"ಮಾಡಿದೋರು ಯಾರು?"

ಲಾರಿಯ ಕನ್ನಡಿ ನೋಡಿಕೊಂಡ. ತನ್ನ ಮುಖ. ಬ್ರಷ್ ಎತ್ತಿದ. ಆಗಲಿಲ್ಲ, ಅವನಿಂದ ಆಗಲಿಲ್ಲ. ಕಣ್ಣು ಮುಚ್ಚಿ, ಕಂಡು ಕೇಳರಿಯದ ಹೆಣ್ಣಿನ ಮುಖವೊಂದನ್ನು ಮನಸ್ಸಿನಲ್ಲೇ ಕಟ್ಟಿ ಬರೆದ. ಸೀಳು ಹುಬ್ಬು. ಗಲ್ಲದ ಮೇಲೆ ಮಚ್ಚೆ. ಮುಂದಿನ ಹಲ್ಲು ಒಂದಿಷ್ಟು ಮುರಿದದ್ದು.

"ಇವಳು ಯಾರೂ ಅಲ್ಲ ಉಸ್ತಾದ್. ನಿಜ, ಯಾರೂ ಅಲ್ಲ."

ಉಸ್ತಾದ್ ಆ ಮುಖವನ್ನು ಬಹಳ ಹೊತ್ತು ನೋಡಿದ. "ಎಲ್ಲೋ ಇರ್ತಾಳೆ," ಎಂದು ಕೈ ತೊಳೆಯಲು ಹೋದ.

ಲಾರಿ ಮತ್ತೆ ಹೊರಟಿತು. ಸಂಜೆಗೆ ಮುಖದ ಕಪ್ಪು ಇಳಿದು ಚಾಚಿ ಎದ್ದು ಒಲೆ ಹಚ್ಚಿದಳು. ಛೇದಿಲಾಲ್ ಅಳುತ್ತ ಅವಳ ಕಾಲು ಹಿಡಿದ.

ಎರಡು ದಿನ ಕಳೆದು ಊರಲ್ಲಿ ಅವನ ಮದುವೆ, ಮುಂಚೆಯೇ ಗೊತ್ತಾದದ್ದು. ಹೆಣ್ಣು ನೋಡಿ ಒಪ್ಪಿದ್ದು ಅಮ್ಮ. ಅವರ ಕಡೆ ವರ ಮುಂಚೆ ಹೆಣ್ಣಿನ ಮುಖ ನೋಡುವ ರೂಢಿಯಿಲ್ಲ. ಮದುವೆಯ ಮರುದಿನ, ಅಂಗಳದ ಬಿಸಿಲಲ್ಲಿ, ಅಮ್ಮ, ಅತ್ತಿಗೆ, ಅತ್ತಿಗೆಯ ತಂಗಿ ಮುಸುಕು ಹೊದ್ದ ಮದುಮಗಳ ಸುತ್ತ ಕೂತರು.

"ಎತ್ತೋ ಮುಸುಕು! ಪೋಸ್ಟರ್ ಬರೆಯೋನಿಗೆ ಹೆಣ್ಣಿನ ಮುಖ ಅಂದ್ರೆ ನಾಚಿಕೆಯಾ?" ಎಂದು ಅತ್ತಿಗೆ ಕಿಚಾಯಿಸಿದಳು.

ನಗುತ್ತ ಎತ್ತಿದ.

ಸೀಳು ಹುಬ್ಬು.

ಗಲ್ಲದ ಮಚ್ಚೆ.

ಹುಡುಗಿ ನಾಚಿ ನಕ್ಕಳು. ಹಲ್ಲು ಮುರಿದಿತ್ತು.

"ಅಯ್ಯೋ, ಕೆನ್ನೆಗೆ ಕಾಡಿಗೆ ಮೆತ್ತಿದೆ," ಎಂದು ಅತ್ತಿಗೆ ಸೆರಗು ಒದ್ದೆ ಮಾಡಿ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು. ಹೋಗಲಿಲ್ಲ.

ಛೇದಿಲಾಲನ ಕೈಯಿಂದ ಮುಸುಕು ಜಾರಿತು. ಆ ಲಾರಿ ಎಲ್ಲಿದೆ? ಯಾವ ಊರಿನ ಯಾವ ರಸ್ತೆಯಲ್ಲಿ? ನಂದೇ ಬರೀಬೇಕಿತ್ತು. ದೇವರೇ, ನಂದೇ ಬರೀಬೇಕಿತ್ತು.

ಹುಡುಗಿ ಅವನ ಕಡೆ ಬಾಗಿ, ಹೆದರಿದ ದನಿಯಲ್ಲಿ ಪಿಸುಗುಟ್ಟಿದಳು.

"ಏನ್ರೀ, ಯಾಕಿಷ್ಟು ಜನ ನನ್ನೇ ನೋಡ್ತಿದಾರೆ?"

ಅಂಗಳದಲ್ಲಿ ಅವರು ಐದೇ ಜನ ಇದ್ದರು.