ಸಣ್ಣ ಸಣ್ಣ ಸಿಡಿತ

ಈ ಮದುವೆ ಬೇಡ ಎಂದು ಹೇಳಲೆಂದೇ ರಾಗಿಣಿ ಗುಜರಾತಿನಿಂದ ಹುಡುಗನ ಊರಿಗೆ, ಬಜಾಜ್ ನಗರದ ಅವಲಕ್ಕಿ ಪೋಹಾ ಅಂಗಡಿಗೆ ಬಂದಿದ್ದಳು. ನಿಶ್ಚಿತಾರ್ಥವಾದಾಗಿನಿಂದ ಬಸವಂತ ಫೋನಿನಲ್ಲಿ ವಾರಕ್ಕೊಂದು ಜಗಳ ತೆಗೆಯುತ್ತಿದ್ದ. ಒಮ್ಮೆ ತಡವಾಗಿ ಉಂಡಿದ್ದಕ್ಕೆ, ಇನ್ನೊಮ್ಮೆ ಕನ್ನಡದ ನಡುವೆ ಮರಾಠಿ ಬೆರೆಸಿದ್ದಕ್ಕೆ. ಇಂಥವನ ಜೊತೆ ಬಾಳುವುದು ಹೇಗೆ? ಆದರೂ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಡ್ಯೂಟಿ ಮುಗಿಸಿ, ಹೆಲ್ಮೆಟ್ಟಿನಿಂದ ಕೆದರಿದ ಕೂದಲಲ್ಲೇ ಅವನು ಎದುರು ಬಂದು ಕೂತಾಗ, ಅವಳ ಹಾಳು ಎದೆ ಝಲ್ಲೆಂದಿತು.

"ತರ್ರಿ ಸಾರು ಜಾಸ್ತಿ ಹಾಕಿಸ್ಕೊಂಡಿ. ಆಮ್ಯಾಲ ಖಾರ ಅಂತ ಅಳಬ್ಯಾಡ," ಎಂದ.

"ನೋಡ್ರಿ, ಮತ್ತ ಸುರು ಮಾಡಿದ್ರಿ! ನಾ ಬ್ಯಾಡಾಗಿದ್ರ ಸೀದಾ ಹೇಳಿಬಿಡ್ರಿ."

ಬಸವಂತನ ಮುಖ ಪೆಚ್ಚಾಯಿತು. "ಬ್ಯಾಡಾ? ಅಯ್ಯ, ನಾ ಪೆಲೆಟ್ ಹೊಡ್ಯಾಕತ್ತಿದ್ದೆ. ನೀನ ಹೇಳಿದ್ದಿ ಅಲ್ಲಾ?"

ಹೇಳಿದ್ದು ನಿಜ. ಗುಜರಾತಿನ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸವೇ ಅದು. ಸೂರ್ಯನಿಗಿಂತ ಬಿಸಿಯಾದ ಪ್ಲಾಸ್ಮಾವನ್ನು ಆಯಸ್ಕಾಂತಗಳ ಬಲದಿಂದ ಹಿಡಿದಿಟ್ಟರೆ ಅದರ ಅಂಚಿನಲ್ಲಿ ಒತ್ತಡ ಏರುತ್ತದೆ, ಸಿಡಿದು ಇಳಿಯುತ್ತದೆ, ಮತ್ತೆ ಏರುತ್ತದೆ. ದೊಡ್ಡದಾಗಿ ಸಿಡಿದರೆ ಯಂತ್ರದ ಒಳಗೋಡೆಗೇ ಪೆಟ್ಟು. ಅದಕ್ಕೇ ಹೆಪ್ಪುಗಟ್ಟಿಸಿದ ಇಂಧನದ ಪುಟ್ಟ ಗುಂಡು, ಅಂದರೆ ಪೆಲೆಟ್, ಹೊಡೆದು ಬೇಕೆಂದೇ ಸಣ್ಣ ಸಣ್ಣದಾಗಿ ಸಿಡಿಸುತ್ತಾರೆ. ಅವನು ಹೆಣ್ಣು ನೋಡಲು ಬಂದ ದಿನವೇ ಇದನ್ನೆಲ್ಲ ವಿವರಿಸಿ, "ನಾನೂ ಹಂಗ ರೀ. ಎಲ್ಲಾ ಒಳಗ ಇಟ್ಕೊಂಡು ಒಮ್ಮೆಲೇ ಸಿಡೀತೀನಿ," ಎಂದು ನಕ್ಕಿದ್ದಳು.

"ಅದಕ್ಕ ವಾರಕ್ಕೊಂದು ಜಗಳಾ?"

"ಹೂಂ. ದೊಡ್ಡದಾಗಿ ಸಿಡಿದು ನೀ ಬಿಟ್ಟು ಹೋದ್ರ ನಾ ಏನ್ ಮಾಡ್ಲಿ?" ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ರಾಗಿಣಿಗೆ ನಗು ಬಂತು, ಕಣ್ಣೂ ತುಂಬಿತು. ಇಷ್ಟು ದಿನ ನುಂಗಿಕೊಂಡಿದ್ದು ಈಗ ತಾನಾಗಿ ಹೊರಬಿತ್ತು. "ನನ್ನೊಳಗ ಇರೂದು ಬ್ಯಾರೇನ ಐತಿ. ಲಗ್ನ ಆದಮ್ಯಾಲ ನಾ ಕೆಲಸ ಬಿಟ್ಟು ಇಲ್ಲಿಗೆ ಬರ್ತೀನಂತ ನಿಮ್ಮನ್ಯಾಗ ಎಲ್ಲಾರೂ ತಿಳ್ಕೊಂಡಾರ. ನಾ ಬಿಡಂಗಿಲ್ಲ. ಹೇಳಾಕ ಅಂಜಿದ್ದೆ."

ಬಸವಂತನ ಕೈಯ ಚಮಚ ಅರ್ಧದಲ್ಲೇ ನಿಂತಿತು. ಅವಳು ಎಲ್ಲ ಮುಗಿಯಿತು ಎಂದುಕೊಂಡಳು.

"ನನಗ ಈಗ ಖರೇನ ಸಿಟ್ಟು ಬಂದೈತಿ," ಎಂದ ಅವನು. "ಮೊದಲ ಹೇಳಬೇಕಿತ್ತು. ಅವ್ವಗ ನಾ ಏನ್ ಹೇಳ್ಲಿ?"

ಆದರೆ ಎದ್ದು ಹೋಗಲಿಲ್ಲ. ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡು ಕೂತ.

"ಸಿಟ್ಟು ಇಳಿಯೂತನಾ ಇಲ್ಲೇ ಕೂಡತೀನಿ. ಆಮ್ಯಾಲ ಇಬ್ರೂ ಕೂಡೇ ಹೋಗಿ ಅವ್ವಗ ಹೇಳೂನು."

ರಾಗಿಣಿ ಅವನ ಕೈ ಹಿಡಿದುಕೊಂಡಳು. ಪಕ್ಕದ ಮೇಜಿನವರು ನೋಡಿದರೂ ಬಿಡಲಿಲ್ಲ.