ಮೂಲೆಯ ಗೀರು

"ಕಣ್ಣು ಕಾಣಲ್ವಾ ನಿಮಗೆ? ಇದು ಗಾಜಲ್ಲ ಕಣ್ರೀ, ಪ್ಲಾಸ್ಟಿಕ್ಕು!"

ಅವನಿಗೆ ನಾನು ಆಡಿದ ಮೊದಲ ಮಾತೇ ಇದು. ಚಿಕ್ಕಪ್ಪನ ಔಷಧಿ ಅಂಗಡಿಯ ಕಿಟಕಿ ಗಾಜು ಒರೆಸಲು ಬಂದವನು, ಉಪಕಾರವಾಗಲಿ ಎಂದು ನನ್ನ ಕೌಂಟರಿನ ಮುಂದಿನ ಪ್ಲಾಸ್ಟಿಕ್ ಶೀಟನ್ನೂ ಹಳೇ ಪೇಪರಿನಿಂದ ತಿಕ್ಕಿಬಿಟ್ಟಿದ್ದ. ಧೂಳಿನ ಮೇಲೆ ಒಣ ಪೇಪರು! ನನ್ನ ಮುಖದ ಎದುರಿಗೇ ಗೀರೋ ಗೀರು.

ಅವನ ಮೋರೆ ಪೆಚ್ಚಾಯಿತು. "ನಾನೇ ಸರಿ ಮಾಡ್ಕೊಡ್ತೀನಿ. ದಿನಾ ಬಂದು ಸ್ವಲ್ಪ ಸ್ವಲ್ಪ."

ಬಂದ. ದಿನಾ ಮಧ್ಯಾಹ್ನ, ಬಿಸಿಲು ಓರೆಯಾಗಿ ಒಳಗೆ ಬೀಳುವ ಹೊತ್ತಿಗೆ. ಸೋಪು ನೀರಿನಿಂದ ಧೂಳು ತೊಳೆದು, ಮೆತ್ತನೆಯ ಹತ್ತಿ ಬಟ್ಟೆಗೆ ಪಾಲಿಶ್ ಹಚ್ಚಿ, ಒತ್ತದೆ, ನಿಧಾನವಾಗಿ ಉಜ್ಜುತ್ತಿದ್ದ. ಆ ಕಡೆ ಅವನ ಕೈ, ಈ ಕಡೆ ನನ್ನ ಕೆನ್ನೆ. ಮಂಜು ಕರಗಿದಂತೆ ಮೊದಲು ಅವನ ಹುಬ್ಬು ಕಂಡಿತು, ಆಮೇಲೆ ಕಣ್ಣು, ಆಮೇಲೆ ಆ ಹಾಳು ನಗು. ಮಾತ್ರೆ ಕೇಳಿದವರಿಗೆ ಟಾನಿಕ್ ಕೊಟ್ಟು ಬೈಸಿಕೊಂಡೆ.

"ಏನ್ರೀ ಹಾಗೆ ನೋಡ್ತೀರಾ?"

"ಗೀರು ನೋಡ್ತಿದೀನಿ."

"ನನ್ನ ಮೂಗಿನ ಮೇಲಿದ್ಯಾ ಗೀರು?"

"ಮೂಗಿನ ಮೇಲೆ ಬರೀ ಕೋಪ ಇದೆ."

ನಗು ತಡೆದುಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ಕೊನೆಗೆ ಮೂಲೆಯಲ್ಲಿ ಒಂದೇ ಗೀರು ಉಳಿಯಿತು. ಅದು ಹೋದರೆ ಇವನೂ ಹೋಗುತ್ತಾನಲ್ಲ ಎಂದು ನೆನೆದರೇ ನನಗೆ ಸಂಕಟ. ಪುಣ್ಯಕ್ಕೆ, ವಾರ ಉಜ್ಜಿದರೂ ಆ ಗೀರು ಜಪ್ಪಯ್ಯ ಅಂದರೂ ಹೋಗಲಿಲ್ಲ.

ಚಿಕ್ಕಪ್ಪನ ತಾಳ್ಮೆ ಮಾತ್ರ ಹೋಯಿತು. "ಸಾಕು ಬಿಡಪ್ಪ. ನಾಳೆ ಹೊಸ ಶೀಟ್ ಹಾಕಿಸ್ತೀನಿ. ನೀನಿನ್ನು ಬರೋದು ಬೇಡ" ಎಂದು ಒಳಗೆ ನಡೆದರು.

ಅವನು ಸಾಮಾನು ಚೀಲಕ್ಕೆ ತುಂಬತೊಡಗಿದ. ಔಷಧಿ ಕೊಡುವ ಕಿಂಡಿಯಿಂದ ಕೈ ಹಾಕಿ ಅವನು ಉಜ್ಜುತ್ತಿದ್ದ ಹತ್ತಿ ಬಟ್ಟೆಯನ್ನು ಎಳೆದುಕೊಂಡೆ. ನೆನಪಿಗೆ ಇರಲಿ ಎಂದು. ಮೂಸಿದರೆ ಪಾಲಿಶಿನ ವಾಸನೆಯೇ ಇಲ್ಲ. ಬರೀ ನೀರು!

"ಯಾವಾಗಿಂದ ಈ ಕಳ್ಳಾಟ?"

ತಲೆ ತಗ್ಗಿಸಿದ. "ಒಂದೇ ಗೀರು ಉಳಿದಾಗಿಂದ. ಪಾಲಿಶ್ ಹಚ್ಚಿದ್ರೆ ಅದೂ ಹೋಗ್ಬಿಡುತ್ತೆ. ಆಮೇಲೆ ನಿಮ್ಮನ್ನ ನೋಡೋಕೆ ಏನಂತ ಬರ್ಲಿ?"

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ನೀವು ಬೈತೀರಾ ಅಂತ..."

"ಬೈದೇ ಬೈತೀನಿ. ದಿನಾ ಬೈತೀನಿ. ಬೈಸ್ಕೊಳ್ಳೋಕೆ ಬರ್ತೀರಾ?"

ಅವನು ತಲೆಯೆತ್ತಿದ. ನಾನು ಪಕ್ಕದ ಪುಟ್ಟ ಬಾಗಿಲಿನ ಚಿಲಕ ತೆಗೆದು ಹೊರಗೆ ಬಂದೆ. ಅವನ ಗಲ್ಲದ ಮೇಲೆ ಸಣ್ಣದೊಂದು ಮಚ್ಚೆಯಿತ್ತು. ಶೀಟಿನ ಹಿಂದಿನಿಂದ ಇಷ್ಟು ದಿನ ನನಗೆ ಕಂಡೇ ಇರಲಿಲ್ಲ.

"ಚಿಕ್ಕಪ್ಪಾ," ಅವನ ಮೇಲಿಂದ ಕಣ್ಣು ತೆಗೆಯದೆ ಕೂಗಿದೆ, "ಹೊಸ ಶೀಟ್ ಧಾರಾಳವಾಗಿ ಹಾಕ್ಸಿ. ಇವ್ರು ನಾಳೆನೂ ಬರ್ತಾರೆ."