ಪೆಟ್ರೋಲ್ ಸೋಸುವ ಟೊಪ್ಪಿ

ಹೆಪ್ಪುಗಟ್ಟಿದ ಸರೋವರದ ನಟ್ಟನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಸುನ್ನಾ ಎಂಜಿನ್ ಶುರುಮಾಡುವ ಹಗ್ಗ ಎಳೆದಳು, ಮತ್ತೆ ಎಳೆದಳು. ಹಿಮದ ಮೇಲೆ ಓಡುವ, ಅಪ್ಪನ ಕಾಲದ ಆ ಹಳೇ ಸ್ನೋಮೊಬೈಲ್ ಜಪ್ಪಯ್ಯ ಅಂದರೂ ಹೊರಡಲಿಲ್ಲ.

ಎದುರಿನ ದಿಬ್ಬದ ಮೇಲೆ ಅವಳ ಊರಿನ ಇಸ್ಸಾಟ್ ಸಾಕಿದ ಹಿಮಸಾರಂಗಗಳು ಸಾಲುಗಟ್ಟಿ ಏರುತ್ತಿದ್ದವು. ಎಲ್ಲ ಗಬ್ಬದ ಹೆಣ್ಣುಗಳು; ಮರಿ ಹಾಕುವ ದ್ವೀಪದ ನೆನಪಾಯಿತೆಂದರೆ ಅವು ಯಾರಪ್ಪನ ಮಾತೂ ಕೇಳುವುದಿಲ್ಲ. ಅವುಗಳ ಹಿಂದೆ ಇಸ್ಸಾಟನೂ ಹೋಗಲೇಬೇಕು. ಇನ್ನು ಅವನು ಊರಿಗೆ ಬರುವುದು ಮೊದಲ ಹಿಮ ಬಿದ್ದ ಮೇಲೆ.

ಎರಡು ಚಳಿಗಾಲ ನಾಲಿಗೆ ತುದಿಯಲ್ಲೇ ಉಳಿದುಹೋದ ಮಾತನ್ನು ಇವತ್ತು ಅವನಿಗೆ ಹೇಳಿಯೇ ತೀರಬೇಕೆಂದು ಅವಳು ಹೊರಟು ಬಂದಿದ್ದಳು. ಈಗ ನೋಡಿದರೆ ಕೂಗಿದರೂ ಕೇಳದಷ್ಟು ದೂರ, ನಡೆದರೆ ಸೊಂಟದವರೆಗೆ ಹಿಮ. ಸಿಟ್ಟಿಗೆ ಗಾಡಿಯನ್ನು ಒದ್ದಳು. ಕಾಲು ನೋಯಿತು, ಅಳುವೂ ಬಂತು.

ಪುಣ್ಯಕ್ಕೆ ಇಸ್ಸಾಟ್ ದಿಬ್ಬದ ತುದಿಯಲ್ಲಿ ಒಮ್ಮೆ ತಿರುಗಿ ನೋಡಿದ್ದ. ಬರುತ್ತಿದ್ದ ಕಪ್ಪು ಚುಕ್ಕೆ ನಿಂತಲ್ಲೇ ನಿಂತದ್ದು ಕಂಡು, ಮಂದೆಯನ್ನು ತಂಗಿಯ ವಶಕ್ಕೆ ಬಿಟ್ಟು ತನ್ನ ಗಾಡಿಯಲ್ಲಿ ಇಳಿದು ಬಂದ. ಕಾಲು ಗಂಟೆ ಮಾತ್ರ ಬಿಡುವು ಎಂದ. ಅವಳ ಒದ್ದೆ ಕಣ್ಣು ಕಂಡರೂ ಕಾಣದವನಂತೆ ಕಾರ್ಬ್ಯುರೇಟರ್‌ನ ಪುಟ್ಟ ಬಟ್ಟಲು ಬಿಚ್ಚಿದ. ತಳದಲ್ಲಿ ಸಕ್ಕರೆ ಹರಳಿನಂಥ ಮಂಜುಗಡ್ಡೆ.

"ಪೆಟ್ರೋಲಿಗೆ ನೀರು ಸೇರಿದೆ. ಸೋಸದೆ ಹುಯ್ದಿದೀಯ," ಎಂದ. "ಹೋದ ವರ್ಷ ಸೋಸೋಕೇಂತ ಟೊಪ್ಪಿ ಕೊಟ್ಟಿದ್ನಲ್ಲ, ಅದೆಲ್ಲಿ?"

ಆ ಸೀಮೆಯಲ್ಲಿ ಎಲ್ಲರೂ ಕಂಬಳಿಯಂಥ ದಪ್ಪ ಉಣ್ಣೆಯ ಹಳೇ ಟೊಪ್ಪಿಯಲ್ಲೇ ಪೆಟ್ರೋಲ್ ಸೋಸುವುದು. ಪೆಟ್ರೋಲ್ ಇಳಿದುಹೋಗುತ್ತದೆ, ನೀರು ಟೊಪ್ಪಿಯಲ್ಲೇ ಉಳಿಯುತ್ತದೆ. ಸುನ್ನಾ ನೆಲ ನೋಡಿದಳು. ಕಳೆದುಹೋಯಿತೆಂದು ಬಾಯಿಗೆ ಬಂದ ಸುಳ್ಳು ಹೇಳಿದಳು. ಇಸ್ಸಾಟನ ಮುಖ ಸಣ್ಣಗಾಯಿತು.

"ಹಂಗಾದ್ರೆ ಏನ್ ಮಾಡೋದು? ನನ್ನ ಸಾಮಾನೆಲ್ಲ ಮುಂದೆ ಹೋಯ್ತು. ನಿನ್ನ ಎಳ್ಕೊಂಡು ಊರಿಗೆ ಹೋಗೋಷ್ಟು ಹೊತ್ತಿಲ್ಲ, ಬಿಟ್ಟು ಹೋಗೋಕೂ ಮನಸ್ಸಿಲ್ಲ."

ಅವನು ದಿಬ್ಬದ ಕಡೆ ನೋಡಿದ. ಸಾಲಿನ ಬಾಲವಷ್ಟೇ ಈಚೆಗಿತ್ತು. ಇನ್ನು ವಿಧಿಯಿಲ್ಲದೆ ಸುನ್ನಾ ಕೋಟಿನ ಗುಂಡಿ ಬಿಚ್ಚಿ, ಎದೆಗೆ ಒತ್ತಿಟ್ಟಿದ್ದ ಟೊಪ್ಪಿಯನ್ನು ಹೊರಗೆ ತೆಗೆದಳು. ಕೆನ್ನೆ ಉರಿಯುತ್ತಿತ್ತು.

"ಇದಕ್ಕೆ ಪೆಟ್ರೋಲ್ ಹುಯ್ಯೋಕೆ ಕೈ ಬರಲಿಲ್ಲ. ನಿನ್ನ ತಲೆ ವಾಸನೆ ಇತ್ತು ಇದ್ರಲ್ಲಿ. ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದ್ದೆ. ನೀನಂದ್ರೆ ನಂಗೆ ಅಷ್ಟು ಇಷ್ಟ ಕಣೋ. ನಗಬೇಡ ಮತ್ತೆ."

ಅವನು ನಗಲಿಲ್ಲ. ಟೊಪ್ಪಿಯ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತ ನಿಂತ.

"ಇದು ನಮ್ಮಪ್ಪ ಮದುವೇಲಿ ಹಾಕ್ಕೊಂಡಿದ್ದ ಟೊಪ್ಪಿ, ಸುನ್ನಾ. ಪೆಟ್ರೋಲ್ ಸೋಸೋಕೆ ಯಾವನಾದ್ರೂ ಇದನ್ನ ಕೊಡ್ತಾನಾ? ಇಷ್ಟ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ, ಸೋಸೋಕೆ ಅಂದ್ಬಿಟ್ಟೆ."

ಅಯ್ಯೋ, ಒಂದು ವರ್ಷ ಹಾಳಾಗಿಹೋಗಿತ್ತು! ಉಳಿದದ್ದು ಹತ್ತು ನಿಮಿಷ, ಅದೂ ಗಾಡಿಯ ಪಾಲಿಗೆ. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗಿಳಿಸಿ, ಇಬ್ಬರೂ ಟೊಪ್ಪಿಯ ಅಂಚು ಹಿಡಿದು ಅದರಲ್ಲೇ ಸೋಸಿದರು. ಬೆರಳಿಗೆ ಬೆರಳು ತಾಗಿದರೆ ಯಾರೂ ಸರಿಸಿಕೊಳ್ಳಲಿಲ್ಲ. ಟೊಪ್ಪಿಯ ತಳದಲ್ಲಿ ನೀರಿನ ಹನಿಗಳು ಉಳಿದವು. ವಾಸನೆ ಹೋಯಿತು ಎಂದು ಅವಳು ಬಿಕ್ಕಿದಳು.

ಗಾಡಿ ಶುರುವಾಯಿತು. ಅದು ಶುರುವಾಗದಿದ್ದರೆ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನಿಸಿತು.

"ಒಗೆದಿಡು," ಎಂದ ಇಸ್ಸಾಟ್ ತನ್ನ ಗಾಡಿ ಹತ್ತುತ್ತ. "ಮೊದಲ ಹಿಮ ಬಿದ್ದಾಗ ಬರ್ತೀನಿ. ಅಪ್ಪನ ಥರಾನೇ ನಂಗೂ ಅದು ಬೇಕಾಗುತ್ತೆ."

ಅವಳು ಒದ್ದೆ ಟೊಪ್ಪಿಯನ್ನು ಹಿಂಡಿದಳು. ಹೋಗಬೇಡ ಅಂದಿದ್ದರೂ ಹಿಮಸಾರಂಗಗಳು ನಿಲ್ಲುತ್ತಿದ್ದವೇ?

ಸುನ್ನಾ ಟೊಪ್ಪಿಯನ್ನು ಮೂರು ಸಲ ಒಗೆದು ಬಾಗಿಲಾಚೆ ಮೊಳೆಗೆ ತೂಗುಹಾಕಿದಳು. ಬೇಸಿಗೆಯ ಗಾಳಿಗೆ ಪೆಟ್ರೋಲಿನ ನಾತ ದಿನದಿನಕ್ಕೂ ಕಮ್ಮಿಯಾಯಿತು. ಅವನ ವಾಸನೆ ಮಾತ್ರ ಮರಳಲಿಲ್ಲ. ಅದಕ್ಕೆ ಅವನೇ ಬರಬೇಕಿತ್ತು.